ಡ್ಯಾನ್ ಕೋಲ್‌ನ ಬಯ್ಯೋದು ಬಿಟ್ಟು ಆ ಸ್ಕ್ರಮ್‌ನ ಇನ್ನೊಂದ್ಸಲ ನೋಡಿ

ರಗ್ಬಿ ಬಗ್ಗೆ ಏನೇ ಕೇಳಿ ಅಂದ್ರೂ ಸುತ್ತಿ ಬಳಸಿ ಎಲ್ಲರೂ 2019ರ ವರ್ಲ್ಡ್ ಕಪ್ ಫೈನಲ್‌ಗೇ ಬಂದು ನಿಲ್ತೀರ. ಯೊಕೊಹಾಮಾ, ನವೆಂಬರ್ 2, ಸೌತ್ ಆಫ್ರಿಕಾ 32, ಇಂಗ್ಲೆಂಡ್ 12. ಇಷ್ಟು ವರ್ಷ ಆದ್ಮೇಲೂ ಅದೇ ಮೂರ್ನಾಲ್ಕು ಪ್ರಶ್ನೆ ಬರ್ತಾನೇ ಇದೆ, ಆದ್ರಿಂದ ಒಂದೇ ಸಲ ಬರ್ದು ಮುಗಿಸ್ತೀನಿ. ಸ್ಕ್ರಮ್ ಅಂದ್ರೆ ಎರಡೂ ಕಡೆಯ ಎಂಟೆಂಟು ಜನ ತಲೆ ಸೇರಿಸಿ ಚೆಂಡಿಗಾಗಿ ತಳ್ಳಾಡೋದು. ಮುಂದಿನ ಸಾಲು, ಅಂದ್ರೆ ಫ್ರಂಟ್ ರೋನಲ್ಲಿ ಮಧ್ಯೆ ಹುಕರ್, ಅವನ ಎರಡು ಪಕ್ಕ ಪ್ರಾಪ್‌ಗಳು, ಬಲಕ್ಕೆ ಟೈಟ್‌ಹೆಡ್, ಎಡಕ್ಕೆ ಲೂಸ್‌ಹೆಡ್; ಹಿಂದಿಂದ ತಳ್ಳೋರು ಲಾಕ್‌ಗಳು. ಇದಕ್ಕಿಂತ ಜಾಸ್ತಿ ಹೇಳ್ತಾ ಕೂರಲ್ಲ, ಗೊತ್ತಿಲ್ದೋರು ಎರಡು ಮ್ಯಾಚ್ ನೋಡ್ಕೊಂಡು ಬನ್ನಿ.

ಪ್ರಶ್ನೆ: ಸರ್, ಸೆಮಿಫೈನಲ್‌ನಲ್ಲಿ ನ್ಯೂಜಿಲೆಂಡ್‌ಗೆ 19-7ರಲ್ಲಿ ಮಣ್ಣು ಮುಕ್ಕಿಸಿದ ಟೀಮ್ ಒಂದೇ ವಾರಕ್ಕೆ ಹಿಂಗೆ ಸೋತಿದ್ದು ಡ್ಯಾನ್ ಕೋಲ್‌ನಿಂದ ತಾನೇ? ಸಿಂಕ್ಲರ್ ಇದ್ದಿದ್ರೆ ಕಪ್ ನಮ್ದೇ ಅಲ್ವಾ?

ಉತ್ತರ: "ನಮ್ದೇ" ಅಂತೆ! ಇರ್ಲಿ ಬಿಡಿ, ಇಂಗ್ಲೆಂಡಲ್ಲಿ ಇರೋರು ಆ ಟೀಮ್‌ಗೆ ಕೂಗೋದು ಸಹಜ. ಇಂಗ್ಲೆಂಡ್‌ನ ಟೈಟ್‌ಹೆಡ್ ಕೈಲ್ ಸಿಂಕ್ಲರ್ ಮೂರನೇ ನಿಮಿಷಕ್ಕೇ ತನ್ನದೇ ಟೀಮಿನ ಇಟೋಜೆಗೆ ತಲೆ ತಾಗಿ ಪ್ರಜ್ಞೆ ತಪ್ಪಿ ಬಿದ್ದ, ಬೆಂಚಲ್ಲಿದ್ದ ಕೋಲ್ ಒಳಗೆ ಬಂದ. ಇಲ್ಲಿವರೆಗೂ ಎಲ್ಲರಿಗೂ ನೆನಪಿದೆ. ಯಾರೂ ಲೆಕ್ಕ ಹಾಕದೇ ಇರೋದು ಮುಂದಿಂದು. 23 ಜನರ ಟೀಮಲ್ಲಿ ಬೆಂಚಿಗೆ ಎಂಟು ಜನ, ಅದರಲ್ಲಿ ಟೈಟ್‌ಹೆಡ್ ಒಬ್ಬನೇ. ಅವನೂ ಮೂರನೇ ನಿಮಿಷಕ್ಕೆ ಬಂದ್ಬಿಟ್ಟ ಅಂದ್ರೆ ಉಳಿದಿದ್ದಷ್ಟೂ ಅವನೊಬ್ಬನ ಮೈಮೇಲೇ. ಕೊನೆಯ ಅರ್ಧ ಗಂಟೆ ತಳ್ಳೋಕೆ ಅಂತ ಇಟ್ಕೊಂಡಿದ್ದ 32 ವರ್ಷದ ಪ್ರಾಪ್, ಸರಿಯಾಗಿ ಮೈ ಬಿಸಿ ಮಾಡ್ಕೊಳ್ಳೋಕೂ ಟೈಮ್ ಸಿಗದೆ ಹೆಚ್ಚುಕಮ್ಮಿ ಇಡೀ ಮ್ಯಾಚ್ ತಳ್ಬೇಕಾಯ್ತು. ಎದುರಿಗೆ ಮೊದಲು ಸೌತ್ ಆಫ್ರಿಕಾದ ಲೂಸ್‌ಹೆಡ್ ಟೆಂಡೈ ಮ್ಟಾವರಿರಾ, ಅದೇ ಬೀಸ್ಟ್. ಅವನು ಸುಸ್ತಾಗೋ ಮುಂಚೆನೇ, ಸೆಕೆಂಡ್ ಹಾಫ್ ಶುರುವಾಗಿ ಸ್ವಲ್ಪ ಹೊತ್ತಿಗೇ, ಅವರ ಬೆಂಚಿನ ಪ್ರಾಪ್‌ಗಳು ಕಿಟ್ಸಾಫ್ ಮತ್ತು ಕಾಕ್ ಫ್ರೆಶ್ಶಾಗಿ ಬಂದ್ರು. ಅವರ ಕೋಚ್ ರಾಸಿ ಎರಾಸ್ಮಸ್ ಬೆಂಚಲ್ಲಿ ಸ್ಕ್ರಮ್ ತಳ್ಳೋ ಫಾರ್ವರ್ಡ್ಸು ಆರು ಜನ, ಹಿಂದೆ ಚೆಂಡು ಹಿಡ್ದು ಓಡೋ ಬ್ಯಾಕ್ಸ್ ಇಬ್ಬರೇ ಇಟ್ಟಿದ್ದು ಇದಕ್ಕೇ. ಒಬ್ಬನೇ ಮನುಷ್ಯ, ಎದುರಿಗೆ ಎರಡು ಶಿಫ್ಟು.

ಇನ್ನು ಸ್ಕ್ರಮ್ ಒಳಗೆ ಏನಾಗ್ತಿತ್ತು? ಟೈಟ್‌ಹೆಡ್‌ನ ತಲೆ ಎದುರಾಳಿಗಳಿಬ್ಬರ ಮಧ್ಯೆ ಸಿಕ್ಕಾಕ್ಕೊಂಡಿರತ್ತೆ, ಬಲಕ್ಕೆ ಲೂಸ್‌ಹೆಡ್, ಎಡಕ್ಕೆ ಹುಕರ್, ಇಬ್ಬರ ಭಾರವೂ ಇವನ ಮೇಲೆ. ಬೀಸ್ಟ್ ತನ್ನ ಬಲಭುಜನ ಕೋಲ್ ಎದೆ ಕೆಳಗೆ ತೂರಿಸಿ ಮೇಲಕ್ಕೆ ಒತ್ತಿದಾಗ ಕೋಲ್ ಬೆನ್ನು ಬಾಗಿ ಸೊಂಟ ಹೊರಗೆ ತಿರುಗ್ತಿತ್ತು, ಆಮೇಲೆ ಕಾಲಲ್ಲಿ ಹಿಡಿತ ಎಲ್ಲಿಂದ ಬರ್ಬೇಕು? ಟೀವಿಯಲ್ಲಿ ಕಾಣೋದು ಅಷ್ಟೇ, ಕೋಲ್ ಎದ್ದ, ಕೋಲ್ ಬಿದ್ದ. ಆದ್ರೆ ಅವನ ಪಕ್ಕದ ಹುಕರ್ ಗಟ್ಟಿಯಾಗಿ ಅಂಟ್ಕೊಂಡಿದ್ನಾ, ಹಿಂದಿನ ಲಾಕ್ ನೇರಕ್ಕೆ ತಳ್ತಿದ್ನಾ, ಆ ತುದಿಯಲ್ಲಿ ಇಂಗ್ಲೆಂಡ್‌ನದೇ ಲೂಸ್‌ಹೆಡ್ ಮುಂದಕ್ಕೆ ಹೋಗ್ತಿದ್ನಾ? ಜೋಡಿಯಲ್ಲಿ ಒಂದೆತ್ತು ಹಿಂದೆ ಬಿದ್ರೆ ನೊಗ ಉಜ್ಜೋದು ಇನ್ನೊಂದರ ಕತ್ತನ್ನೇ. ನಂಬಿಕೆ ಬರ್ಲಿಲ್ವಾ? ಸೆಕೆಂಡ್ ಹಾಫಲ್ಲಿ ಲೂಸ್‌ಹೆಡ್‌ಗೆ ಜೋ ಮಾರ್ಲರ್, ಲಾಕ್‌ಗೆ ಜಾರ್ಜ್ ಕ್ರೂಯಿಸ್ ಬಂದ್ಮೇಲೆ ಸ್ಕ್ರಮ್ ಪೆನಾಲ್ಟಿ ಇಂಗ್ಲೆಂಡ್‌ಗೇ ಸಿಕ್ತು, ಫ್ಯಾರೆಲ್ ಒದ್ದು ಮೂರು ಪಾಯಿಂಟ್ ತಂದ. ಆಗಲೂ ಟೈಟ್‌ಹೆಡ್ ಇದೇ ಕೋಲ್! ಆಗಿನ ಇಂಗ್ಲೆಂಡ್ ಕೋಚ್ ಎಡ್ಡಿ ಜೋನ್ಸ್ ಮೇಲೆ ನನ್ನ ತಕರಾರು ಇರೋದು ಇಲ್ಲೇ, ಆ ಬದಲಾವಣೆ ಹಾಫ್‌ಟೈಮ್‌ಗೂ ಮುಂಚೆನೇ ಆಗ್ಬೇಕಿತ್ತು.

"ಸ್ಕ್ರಮ್ ಬಿಡಿ ಸರ್, ಅಟ್ಯಾಕ್ ಯಾಕೆ ಕೆಲ್ಸ ಮಾಡ್ಲಿಲ್ಲ" ಅಂತ ಬೇರೆ ಕೇಳ್ತೀರ. ಅದು ಬೇರೆ ಪ್ರಶ್ನೆನೇ ಅಲ್ಲ. ಸ್ಕ್ರಮ್ ಟೈಮಲ್ಲಿ ಎರಡೂ ಕಡೆ ಫಾರ್ವರ್ಡ್ಸ್ ಹದಿನಾರು ಜನ ಒಂದೇ ಕಡೆ ಗುಡ್ಡೆ ಬಿದ್ದಿರ್ತಾರೆ, ಬ್ಯಾಕ್ಸ್ ಐದು ಮೀಟರ್ ಹಿಂದೆ ನಿಲ್ಲಬೇಕು, ಮೈದಾನದಲ್ಲಿ ಇದಕ್ಕಿಂತ ಜಾಗ ಯಾವಾಗ ಸಿಗತ್ತೆ? ಅದೇ ಸ್ಕ್ರಮ್ ಹಿಂದಕ್ಕೆ ಜಾರ್ತಿದ್ರೆ ಸ್ಕ್ರಮ್ ಹಿಂದಿಂದ ಚೆಂಡು ಎತ್ತೋ ಯಂಗ್ಸ್ ಕೈಗೆ ಅದು ಬರೋದೇ ಲೇಟು, ಫೋರ್ಡು, ಫ್ಯಾರೆಲ್ ನಿಂತಲ್ಲೇ ಹಿಡೀಬೇಕು, ಅಷ್ಟೊತ್ತಿಗೆ ಸೌತ್ ಆಫ್ರಿಕಾದ ಲುಖಾನ್ಯೊ ಆ್ಯಮ್ ಹೊರಗಡೆಯಿಂದ ನುಗ್ಗಿ ಮುಖದ ಮುಂದೇನೇ ಇರ್ತಿದ್ದ. ಫಸ್ಟ್ ಹಾಫ್ ಕೊನೇಲಿ ಟ್ರೈ ಲೈನ್, ಅಂದ್ರೆ ಆಚೆಗೆ ಚೆಂಡು ಊರಿದ್ರೆ ಟ್ರೈ ಸಿಗೋ ಗೆರೆ, ಅದರ ಹತ್ರ ಇಂಗ್ಲೆಂಡ್‌ನೋರು ಇಪ್ಪತ್ತಕ್ಕೂ ಜಾಸ್ತಿ ಫೇಸ್ (ಬಿದ್ದು ಮತ್ತೆ ಚೆಂಡು ಎತ್ಕೊಂಡು ನುಗ್ಗೋ ಸರದಿ) ಗುದ್ದಿ ಗುದ್ದಿ ಸಿಕ್ಕಿದ್ದು ಬರೀ ಮೂರು ಪಾಯಿಂಟ್, 6-6. ಅಲ್ಲಿಂದ ಹಾಫ್‌ಟೈಮ್ ಅಷ್ಟರಲ್ಲಿ ಸೌತ್ ಆಫ್ರಿಕಾದ ಪೊಲಾರ್ಡ್ ಎರಡು ಪೆನಾಲ್ಟಿ ಒದ್ದು 12-6 ಮಾಡ್ದ. ಬೂಟಿನ ಅಂಚಿನಷ್ಟು ಜಾಗಕ್ಕೆ ಮತ್ತೆ ಮತ್ತೆ ಒಬ್ಬೊಬ್ಬರನ್ನೇ ಕಳಿಸಿದ್ರಲ್ಲ, ಒಂದ್ಸಲ ಆ ಕಡೆ ಮೂಲೆಗೆ ಕಿಕ್ ಪಾಸ್ ಹಾಕಿ ನೋಡ್ಬಹುದಿತ್ತು ಅಂತ ಈಗ್ಲೂ ಅನ್ಸತ್ತೆ. ಸೌತ್ ಆಫ್ರಿಕಾದೋರು ಜಾಗ ಹುಡುಕಿದ್ದು ಕಾಲಿಂದಲೇ. 66ನೇ ನಿಮಿಷ ಅವರ ಮಪಿಂಪಿ ಡಿಫೆನ್ಸ್ ಮೇಲಿಂದ ಚೆಂಡನ್ನ ಮೆಲ್ಲಗೆ ಒದ್ದು ಚಿಪ್ ಮಾಡ್ದ, ಆ್ಯಮ್ ಹಿಡ್ದು ವಾಪಸ್ ಅವನಿಗೇ ಕೊಟ್ಟ, ಟ್ರೈ. 1995, 2007 ಎರಡು ಫೈನಲ್ ಗೆದ್ದಿದ್ರೂ ಫೈನಲ್‌ನಲ್ಲಿ ಅವರ ಮೊದಲ ಟ್ರೈ ಇದು.

ಪ್ರಶ್ನೆ: ಬೀಸ್ಟ್ ಸೈಡಿಂದ ಓರೆಯಾಗಿ ತಳ್ತಿದ್ದ, ರೆಫರಿ ಬೇಕಂತ್ಲೇ ಬಿಟ್ಟ ಅಂತಾರಲ್ಲ?

ಉತ್ತರ: ಓರೆ ತಳ್ಳದೇ ಇರೋ ಲೂಸ್‌ಹೆಡ್‌ನ ತೋರ್ಸಿ ನಂಗೆ. ರೆಫರಿ ಗಾರ್ಸೆಸ್ ಅವತ್ತು ಏನನ್ನ ಬಿಡ್ತಾರೆ ಅಂತ ಮೊದಲೆರಡು ಸ್ಕ್ರಮ್‌ನಲ್ಲೇ ಗೊತ್ತಾಗಿತ್ತು, ಅದಕ್ಕೆ ಹೊಂದ್ಕೊಳ್ಳದೇ ಇದ್ದಿದ್ದು ನಿಮ್ಮ ಟೀಮ್ ತಪ್ಪು.

ಪ್ರಶ್ನೆ: ಬಸ್ ಟ್ರಾಫಿಕ್ಕಲ್ಲಿ ಸಿಕ್ಕಾಕ್ಕೊಂಡು ಸ್ಟೇಡಿಯಂಗೆ ಲೇಟಾಗಿ ಬಂದಿದ್ದಕ್ಕೆ ಸೋತ್ರಂತೆ?

ಉತ್ತರ: ಬಸ್ಸು ಸ್ಕ್ರಮ್ ತಳ್ಳಲ್ಲ. ಮುಂದಕ್ಕೆ.

ಪ್ರಶ್ನೆ: ಬೆಂಗಳೂರು ಬ್ರೇವ್‌ಹಾರ್ಟ್ಸ್ ಮ್ಯಾಚ್ ನೋಡ್ದೆ, ಅಲ್ಲಿ ಸ್ಕ್ರಮ್ ಎರಡು ಸೆಕೆಂಡಲ್ಲಿ ಮುಗಿಯತ್ತೆ, ಇದಕ್ಕೆ ಇಷ್ಟು ತಲೆ ಯಾಕೆ ಕೆಡಿಸ್ಕೋಬೇಕು?

ಉತ್ತರ: ಅದು ಸೆವೆನ್ಸ್, ಟೀಮಿಗೆ ಏಳೇ ಜನ, ಸ್ಕ್ರಮ್‌ನಲ್ಲಿ ಒಂದೊಂದು ಕಡೆ ಮೂರೇ ಜನ. ಬೇರೆ ಆಟ ಅಂತಾನೇ ತಿಳ್ಕೊಳ್ಳಿ.

ಪ್ರಶ್ನೆ: ಸರ್, ನಾನು 105 ಕೆಜಿ. ಭಾನುವಾರ ಫ್ರೆಂಡ್ಲಿ ಮ್ಯಾಚಿಗೆ ಪ್ರಾಪ್ ಸಾಲ್ತಿಲ್ಲ, ನೀನೇ ನಿಲ್ಲು ಅಂತಿದಾರೆ. ಜಿಮ್ ಟ್ರೈನರ್ ಕತ್ತು ಗಟ್ಟಿ ಆಗ್ಲಿ ಅಂತ ತಲೆ ಮೇಲೆ ನಿಲ್ಲಿಸಿ ಎಕ್ಸರ್‌ಸೈಜ್ ಮಾಡಿಸ್ತಿದಾನೆ, ಜೊತೆಗೆ ಒಂದು ಪೌಡರ್ ಕೊಟ್ಟಿದಾನೆ. ಸಾಕಾ?

ಉತ್ತರ: ಬೇಡ. ನಿಲ್ಲಬೇಡಿ. ತೂಕ ಇದ್ದ ಮಾತ್ರಕ್ಕೆ ಯಾರೂ ಪ್ರಾಪ್ ಆಗಲ್ಲ, ಫ್ರಂಟ್ ರೋನಲ್ಲಿ ಟ್ರೇನಿಂಗ್ ಇಲ್ದೋರನ್ನ ನಿಲ್ಲಿಸ್ಬಾರ್ದು ಅಂತ ನಿಯಮದಲ್ಲೇ ಇರೋದು ಸ್ಕ್ರಮ್ ಕುಸಿದಾಗ ಕತ್ತಿನ ಮೂಳೆ ಮುರಿಯೋ ಅಪಾಯ ಇರೋದ್ರಿಂದ. ಆ ಟ್ರೈನರ್ ಒಂದು ಸ್ಕ್ರಮ್‌ಗಾದ್ರೂ ತಲೆ ಕೊಟ್ಟಿದಾನಾ ಕೇಳಿ, ಇಲ್ಲ ಅಂದ್ರೆ ಪೌಡರ್ ಡಬ್ಬಿ ಅವನ ಕೈಗೇ ವಾಪಸ್ ಕೊಡಿ. ಕಲೀಬೇಕು ಅಂತಿದ್ರೆ ಸ್ಕ್ರಮ್ ಕೋಚ್ ಹತ್ರ ಹೋಗಿ ಒಬ್ಬರ ಎದುರು ಒಬ್ಬರು, ಆಮೇಲೆ ಮಶೀನು, ಆಮೇಲೆ ಮೂರು ಜನ, ಹಿಂಗೆ ತಿಂಗಳುಗಟ್ಟಲೆ ಹಿಡಿಯತ್ತೆ, ನಾನು ಹೇಳಿದ್ರೆ ಅತಿ ಭಯ ಅಂತೀರ, ಅನ್ನಿ ಪರ್ವಾಗಿಲ್ಲ. ಭಾನುವಾರಕ್ಕೆ ನಿಮ್ಮ ಕ್ಯಾಪ್ಟನ್ ಮ್ಯಾಚ್ ಶುರುವಾಗೋ ಮುಂಚೆನೇ ರೆಫರಿ ಹತ್ರ ಹೋಗಿ ನಮ್ಮಲ್ಲಿ ಕಲಿತ ಪ್ರಾಪ್ ಇಲ್ಲ ಅಂತ ಹೇಳ್ಲಿ, ತಳ್ಳದೇ ಆಡೋ ಅನ್‌ಕಂಟೆಸ್ಟೆಡ್ ಸ್ಕ್ರಮ್ ಕೊಡ್ತಾರೆ.