ಕೆಂಪುಕಲ್ಲಿನ ಗೋಡೆಗೆ ಹೊರಗಡೆ ಸ್ಪೀಕರ್ ಹಾಕೋದು ಹೇಗೆ?

ಪ್ರಶ್ನೆ: ಸರ್ ನಮಸ್ಕಾರ. ನಮ್ದು ಕುಂದಾಪುರ ಹತ್ರ ಹಳೇ ಹೆಂಚಿನ ಮನೆ, ಕೆಂಪುಕಲ್ಲಿನ ಗೋಡೆ, ಮೇಲೆ ಗಾರೆ. ಅಪ್ಪಯ್ಯನಿಗೆ 78 ವರ್ಷ, ಸಂಜೆ ಜಗಲಿ ಮೇಲೆ ಕೂತು ತಾಳಮದ್ದಲೆ ರೆಕಾರ್ಡಿಂಗ್ ಕೇಳೋದು ಅವರ ಅಭ್ಯಾಸ. ಹೋದ ವರ್ಷ ಒಬ್ರ ಹತ್ರ ಹೇಳಿ ಅಂಗಳದ ಕಡೆ ಗೋಡೆಗೆ ಒಂದು ಸ್ಪೀಕರ್ ಹಾಕಿಸಿದ್ವಿ, ಆಷಾಢದ ಮಳೇಲಿ ಗೋಡೆ ಪ್ಲಗ್ (ಸ್ಕ್ರೂ ಹಿಡಿಯೋಕೆ ತೂತಿಗೆ ತುರುಕೋ ತುಂಡು) ಸಮೇತ ಕಿತ್ಕೊಂಡು ಕೆಳಗೆ ಬಿತ್ತು, ಪುಣ್ಯಕ್ಕೆ ಯಾರೂ ಅಲ್ಲಿರಲಿಲ್ಲ. ಈ ಸಲ ಎರಡು ಹೊಸ ಸ್ಪೀಕರ್ ತಂದಿದೀನಿ, ಒಂದೊಂದು ಸುಮಾರು 4 ಕೆಜಿ. ಮಾಡಿನ ಪಕ್ಕಾಸಿಗೇ ನೇತು ಹಾಕಿದ್ರೆ ಆಗತ್ತಾ?

ಉತ್ತರ: ಪಕ್ಕಾಸಿಗೆ ಬೇಡ. ಬೇಸ್ ಬಂದಾಗೆಲ್ಲಾ ರೀಪು, ಹೆಂಚು ಎಲ್ಲಾ ಗಡಗಡ ಅನ್ನತ್ತೆ, ಹಳೇ ಮರಕ್ಕೆ ಸ್ಕ್ರೂ ಹೊಡೆದ ಜಾಗದಲ್ಲಿ ನೀರು ಇಳಿದ್ರೆ ಅದೂ ಹಾಳು. ಗೋಡೆಗೇ ಹಾಕಿ, ಆದ್ರೆ ಹೋದ ವರ್ಷ ಯಾಕೆ ಬಿತ್ತು ಅಂತ ಮೊದ್ಲು ನೋಡ್ಬೇಕು. ಕಿತ್ಕೊಂಡು ಬಂದ ಪ್ಲಗ್ ಇನ್ನೂ ಇದ್ರೆ ಅದರ ಉದ್ದ ಅಳೆದು ನೋಡಿ. ಒಂದೂವರೆ ಇಂಚಿನದ್ದಾಗಿದ್ರೆ ಅದರಲ್ಲಿ ಅರ್ಧದಷ್ಟು ಗಾರೆಯಲ್ಲೇ ಕೂತಿರತ್ತೆ, ಕಲ್ಲಿಗೆ ಹೋಗಿರೋದು ಸ್ವಲ್ಪ ಮಾತ್ರ, ಅದೂ ಕೆಂಪುಕಲ್ಲು ಅಂದ್ರೆ ಒಳಗೆಲ್ಲಾ ತೂತು, ಅಲ್ಲಲ್ಲಿ ಹಳದಿ ಮೆತ್ತಗಿನ ಮಣ್ಣು. ಅಲ್ಲಿ ಪ್ಲಗ್ ಹಿಡಿಯಲ್ಲ. ಇನ್ನೊಂದು, ಸ್ಪೀಕರ್ ಗೋಡೆಯಿಂದ ಅರ್ಧ ಅಡಿ ಮುಂದೆ ಚಾಚಿರತ್ತಲ್ಲಾ, ಅದರ ಭಾರ ಬರೀ ಕೆಳಗೆ ಜಗ್ಗಲ್ಲ, ಬ್ರಾಕೆಟ್‌ನ ಮೇಲಿನ ಸ್ಕ್ರೂನ ಹೊರಕ್ಕೆ ಎಳೀತಾನೇ ಇರತ್ತೆ, ಬ್ರಾಕೆಟ್ ಚಿಕ್ಕದಾದಷ್ಟೂ ಆ ಎಳೆತ ಜಾಸ್ತಿ.

ಅದಕ್ಕೆ ನಾನಾದ್ರೆ ಹೀಗೆ ಮಾಡ್ತಿದ್ದೆ. ಒಂದೂವರೆ ಅಡಿ ಉದ್ದದ ಹಲಸಿನ ಇಲ್ಲಾ ಸಾಗುವಾನಿ ಹಲಗೆ, ಒಂದಿಂಚು ದಪ್ಪದ್ದು, ಎಲ್ಲಾ ಕಡೆ ವಾರ್ನಿಷ್ ಹಚ್ಚಿ, ಅದನ್ನ ಗೋಡೆಗೆ ನಿಲ್ಲಿಸಿ ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ, ಬ್ರಾಕೆಟ್ಟು ಹಲಗೆಗೆ. ಭಾರ ನಾಲ್ಕು ಕಡೆ ಹಂಚಿಹೋಗತ್ತೆ. ಡ್ರಿಲ್ ಮಾಡುವಾಗ ಹ್ಯಾಮರ್ ಆಫ್ ಮಾಡಿರಿ, ಹೊಡೆತಕ್ಕೆ ಈ ಕಲ್ಲು ಪುಡಿಯಾಗಿ ತೂತು ಅಗಲ ಆಗ್ಬಿಡತ್ತೆ, ಮೊದ್ಲು 6 ಎಂಎಂ ಬಿಟ್ ಹಾಕಿ ಆಮೇಲೆ 8. ಬಿಟ್ ಜುಳಕ್ಕಂತ ಒಳಗೆ ಹೋದ್ರೆ ಅಲ್ಲಿ ಮಣ್ಣಿದೆ ಅಂತ ಅರ್ಥ, ಎರಡಿಂಚು ಪಕ್ಕಕ್ಕೆ ಸರೀರಿ. ಗಾರೆ ದಾಟಿ ಕಲ್ಲೊಳಗೇ ಎರಡಿಂಚು ಹೋಗೋ ಉದ್ದದ ಪ್ಲಗ್ ಬೇಕು, ಅನುಮಾನ ಇದ್ರೆ ತೂತಿನ ಧೂಳು ಊದಿ ತೆಗೆದು ಗೋಡೆ ಆಂಕರ್‌ಗೆ ಅಂತಲೇ ಸಿಗೋ ಎಪಾಕ್ಸಿ ಅಂಟು ತುಂಬಿ, ಒಂದಿನ ಒಣಗೋಕೆ ಬಿಡಿ. ಸ್ಕ್ರೂ 316 ಗ್ರೇಡ್ ಸ್ಟೇನ್‌ಲೆಸ್ ಸ್ಟೀಲ್‌ದೇ ತರಿಸ್ಕೊಳ್ಳಿ, ಕಡಲು ಹತ್ರ ಇರೋ ನಿಮ್ಮ ಕಡೆ ಉಪ್ಪುಗಾಳಿಗೆ ಮಾಮೂಲಿ ಸ್ಕ್ರೂ ತುಕ್ಕು ಹಿಡಿಯೋಕೆ ತುಂಬಾ ದಿನ ಬೇಡ. ಮತ್ತೆ ಸ್ಪೀಕರ್‌ನಿಂದ ಬೇರೆಯದೇ ಒಂದು ಹುಕ್ಕಿಗೆ ತೆಳು ಸ್ಟೀಲ್ ವೈರ್ ಕಟ್ಟಿಬಿಡಿ, ಬ್ರಾಕೆಟ್ ಕೈಕೊಟ್ರೂ ಕೆಳಗಿರೋರ ತಲೆ ಮೇಲೆ ಬೀಳಬಾರದು. ಇದೊಂದನ್ನ ದಯವಿಟ್ಟು ತಪ್ಪಿಸ್ಬೇಡಿ.

ಈಗ ಜಾಗ. ನೀವು ಕೇಳಿಲ್ಲ, ಆದ್ರೂ ನನಗೆ ಇದೇ ಮುಖ್ಯ ಅನ್ಸತ್ತೆ. ತಾಳಮದ್ದಲೆ ಅಂದ್ರೆ ಮಾತು, ಅರ್ಥಗಾರಿಕೆ, ಒಂದು ಪದ ತಪ್ಪಿದ್ರೂ ವಾದದ ಎಳೆ ಹೋಯ್ತು. ವಯಸ್ಸಾದೋರಿಗೆ ಮೊದ್ಲು ಕಮ್ಮಿಯಾಗೋದು ಎತ್ತರದ ಶ್ರುತಿಯ ಕೀರಲು ಸ್ವರ ಕೇಳೋ ಶಕ್ತಿ, ಸ, ಶ, ತ, ಕ ಇಂಥ ಅಕ್ಷರಗಳೇ ಮಸುಕಾಗ್ತವೆ, ಧ್ವನಿ ಕೇಳ್ಸತ್ತೆ ಮಾತು ಗೊತ್ತಾಗಲ್ಲ ಅಂತಾರಲ್ಲಾ ಅದು. ಅದಕ್ಕೆ ವಾಲ್ಯೂಮ್ ಏರಿಸಿದ್ರೆ ಬೇಸೂ ಏರತ್ತೆ, ಊರಿಗೆಲ್ಲಾ ಕೇಳ್ಸತ್ತೆ, ಅವರಿಗೆ ಮಾತ್ರ ಹಾಗೇ. ಬಯಲಲ್ಲಿ ದೂರ ಎರಡು ಪಟ್ಟಾದ್ರೆ ಶಬ್ದ 6 ಡೆಸಿಬಲ್ ಇಳಿಯತ್ತೆ, ಸ್ಪೀಕರ್‌ನಿಂದ 1 ಮೀಟರ್‌ನಲ್ಲಿ 80 ಇದ್ದದ್ದು 8 ಮೀಟರ್‌ಗೆ ಬರೋವಾಗ 62. ಹಾಗಾಗಿ ಒಂದು ಸ್ಪೀಕರ್ ಅಂಗಳಕ್ಕೆ ಅಂತ ಇರ್ಲಿ, ಇನ್ನೊಂದನ್ನ ಜಗಲೀಲಿ ಅಪ್ಪಯ್ಯನ ಕುರ್ಚಿಯಿಂದ ಏಳೆಂಟು ಅಡಿ ದೂರದಲ್ಲಿ, ಅವರ ಮುಖದ ಕಡೆ ಬಗ್ಗಿಸಿ ಹಾಕಿ. ಮಾತೆಲ್ಲಾ ಸರಿಯಾಗಿ ಕೇಳ್ಬೇಕಾದ್ರೆ ಆಂಪ್ಲಿಫೈಯರ್‌ನಲ್ಲಿ ಮೋನೋ ಮಾಡಿ, ಅಂದ್ರೆ ಎರಡು ಸ್ಪೀಕರ್‌ನಲ್ಲೂ ಒಂದೇ ಧ್ವನಿ ಪೂರ್ತಿ ಬರೋ ಹಾಗೆ.

ಅಂಗಳದ್ದು ಎಂಟೊಂಬತ್ತು ಅಡಿ ಎತ್ತರದಲ್ಲಿ, ಸೂರಿನ ಕೆಳಗೇ, ಮುಖ ನೆಲದ ಕಡೆ. ಪಡುಗಾಳಿ ನೇರ ಹೊಡೆಯೋ ಗೋಡೆ ಬಿಟ್ಟು ಬೇರೆ ಗೋಡೆ ಆರಿಸಿ, ಡಬ್ಬಿ ಮೇಲೆ ಐಪಿ65 ಅಂತ (ಧೂಳು, ನೀರು ತಡೆಯತ್ತೆ ಅನ್ನೋ ಗುರುತು) ಬರೆದಿದ್ರೂ ಸರಿ, ನಿಮ್ಮ ಕಡೆ ಮಳೆ ಜೂನ್‌ನಿಂದ ತಿಂಗಳುಗಟ್ಲೆ ಹೊಡೆಯತ್ತೆ. ಕೆಳಮುಖ ಇಟ್ರೆ ನೀರೂ ನಿಲ್ಲಲ್ಲ, ಪಕ್ಕದ ಮನೆಗೆ ಶಬ್ದಾನೂ ಕಮ್ಮಿ ಹೋಗತ್ತೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಲ್ಲಿ ವಾಸದ ಜಾಗಕ್ಕೆ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಅಂತಿದೆ, ಖಾಸಗಿ ಜಾಗದ ಗಡೀಲಿ ಅದರ ಮೇಲೆ 5ಕ್ಕಿಂತ ಹೆಚ್ಚಾಗೋ ಹಾಗಿಲ್ಲ.

ವೈರ್ ತಾಮ್ರದ್ದೇ ಇರ್ಲಿ, 15 ಮೀಟರ್ ಒಳಗಾದ್ರೆ 1.5 ಚದರ ಎಂಎಂ ಸಾಕು, ಅದಕ್ಕಿಂತ ಉದ್ದ ಆದ್ರೆ 2.5. ಕರೆಂಟ್ ವೈರ್ ಇರೋ ಪೈಪಲ್ಲೇ ಇದನ್ನ ತೂರಿಸ್ಬೇಡಿ. ಗೋಡೆ ತೂತು ಹೊರಗಡೆಗೆ ಇಳಿಜಾರಾಗಿರ್ಲಿ, ವೈರ್ ಒಳಗೆ ಹೋಗೋ ಮುಂಚೆ ಸ್ವಲ್ಪ ಜೋತುಬೀಳೋ ಹಾಗೆ ಬಿಡಿ, ಹನಿ ಅಲ್ಲೇ ಕೆಳಗೆ ಬೀಳತ್ತೆ. ಆಂಪ್ಲಿಫೈಯರ್ ಮನೆ ಒಳಗೇ ಇರ್ಬೇಕು, ಏಪ್ರಿಲ್, ಮೇ ತಿಂಗಳ ಗುಡುಗು ಶುರುವಾಗೋ ಮುಂಚೇನೇ ಅದರ ಕರೆಂಟ್ ಪ್ಲಗ್ ಕಿತ್ತಿಡಿ.

ಎಲ್ಲಾ ಆದ್ಮೇಲೆ ಅಪ್ಪಯ್ಯನ ಕುರ್ಚೀಲಿ ಅವರನ್ನೇ ಕೂರಿಸಿ ಒಂದು ಪದ್ಯ, ಅದರ ಅರ್ಥ ಹಾಕಿ, ಮಾತು ಪೂರ್ತಿ ಕೇಳ್ತಾ ಅಂತ ಕೇಳಿ, ಅವರು ಹೂಂ ಅಂದ್ಮೇಲೇ ಬ್ರಾಕೆಟ್‌ನ ಬೋಲ್ಟ್ ಬಿಗಿ ಮಾಡಿ.

ಪ್ರಶ್ನೆ: ಟೆರೇಸ್‌ನಲ್ಲಿ ಎರಡು ಸ್ಪೀಕರ್ ಹಾಕಿದೀವಿ, ಒಂದೊಂದೇ ಹಾಕಿದ್ರೆ ಬೇಸ್ ಚೆನ್ನಾಗಿದೆ, ಎರಡೂ ಹಾಕಿದ್ರೆ ಮಧ್ಯ ನಿಂತಾಗ ಬೇಸೇ ಇಲ್ಲ. ಸ್ಪೀಕರ್ ಹಾಳಾಗಿದ್ಯಾ? — ಹಾಸನದ ಓದುಗರು

ಉತ್ತರ: ಹಾಳಾಗಿಲ್ಲ, ಬಹುಶಃ ಒಂದಕ್ಕೆ ಪ್ಲಸ್ಸು ಮೈನಸ್ಸು ಅದಲು ಬದಲಾಗಿದೆ. ಒಂದರ ಕೋನ್ ಮುಂದೆ ಬರುವಾಗ ಇನ್ನೊಂದರದ್ದು ಹಿಂದೆ ಹೋಗತ್ತೆ, ಬೇಸ್ ಒಂದನ್ನೊಂದು ಕೊಂದು ಹಾಕ್ತವೆ. ಆಂಪ್ಲಿಫೈಯರ್ ಆಫ್ ಮಾಡಿ, ಯಾವುದಾದ್ರೂ ಒಂದು ಸ್ಪೀಕರ್‌ನ ಎರಡು ವೈರ್ ತಿರುಗಿಸಿ ಹಾಕಿ ನೋಡಿ.