ಸಹಿ ಹಾಕುವ ಕೈ ನಡುಗಿದಾಗ: ಖಾಸಗಿ ವಿಶ್ವವಿದ್ಯಾಲಯವೊಂದರ ಎಚ್.ಆರ್. ಮುಖ್ಯಸ್ಥೆಯ ಪ್ರಕರಣ

ಬೆಂಗಳೂರಿನ ಹೊರವಲಯದ ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ಮಾನವ ಸಂಪನ್ಮೂಲ ವಿಭಾಗದ ಮುಖ್ಯಸ್ಥೆಯಾಗಿರುವ, ಐವತ್ತರ ಅಂಚಿನಲ್ಲಿರುವ ಮಹಿಳೆಯೊಬ್ಬರು ನಿದ್ದೆ ಬಾರದ ದೂರಿನೊಂದಿಗೆ ಆಪ್ತಸಲಹೆಗೆ ಬಂದಿದ್ದರು. ಅವರ ಒಪ್ಪಿಗೆ ಪಡೆದು ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಅವರನ್ನಾಗಲಿ ಸಂಸ್ಥೆಯನ್ನಾಗಲಿ ಗುರುತಿಸಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಎಲ್ಲರ ಅಹವಾಲು ಕೇಳುವ ಹುದ್ದೆಯಲ್ಲಿರುವವರು ತಮ್ಮ ಅಹವಾಲು ಹೇಳಿಕೊಳ್ಳಲು ಬರುವುದು ಅಪರೂಪ, ಬಂದರೂ ತೀರಾ ತಡವಾಗಿ ಬರುತ್ತಾರೆ. ಇದನ್ನು ಬರೆಯಲು ಅದೇ ಮುಖ್ಯ ಕಾರಣ.

ಅವರು ಎಚ್.ಆರ್. ಹುದ್ದೆಗೆ ಬಂದದ್ದು ಪಾಠ ಮಾಡುವ ಕೆಲಸದಿಂದ. ಅದೇ ಸಂಸ್ಥೆ ಇನ್ನೂ ಕಾಲೇಜಾಗಿದ್ದಾಗ ಎಂ.ಬಿ.ಎ. ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದ ಅವರನ್ನು, ಅದು ವಿಶ್ವವಿದ್ಯಾಲಯವಾದ ಮೇಲೆ, ಜನರೊಂದಿಗೆ ಚೆನ್ನಾಗಿ ಮಾತನಾಡುತ್ತಾರೆಂಬ ಕಾರಣಕ್ಕೆ ಆಡಳಿತ ಮಂಡಳಿಯೇ ಕರೆದು ಆ ಕುರ್ಚಿಯಲ್ಲಿ ಕೂರಿಸಿತ್ತು. ಮೊದಲ ವರ್ಷಗಳ ಕೆಲಸವನ್ನು ಅವರು ಪ್ರೀತಿಯಿಂದ ನೆನೆಯುತ್ತಿದ್ದರು. ಬೋಧಕರ ಅರ್ಹತೆಗಳನ್ನು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಗೆ ತಾಳೆ ನೋಡಿ ನೇಮಕಾತಿ ನಡೆಸುವುದು, ಸೇವಾ ಪುಸ್ತಕಗಳನ್ನು ಕ್ರಮಕ್ಕೆ ತರುವುದು, ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್ ಸಮಿತಿ ಬರುವ ಮೊದಲು ಕಡತಗಳನ್ನು ಸಿದ್ಧಪಡಿಸುವುದು, ಪಿಎಚ್.ಡಿ. ಮಾಡುತ್ತಿದ್ದ ಕಿರಿಯರಿಗೆ ಪಾಠದ ಹೊರೆ ತಗ್ಗಿಸಿ ಕೊಡುವುದು, ಇವೆಲ್ಲವೂ ಅವರಿಗೆ ಕೆಲಸದ ತೃಪ್ತಿ ಕೊಟ್ಟಿದ್ದವು.

ತೊಂದರೆ ಶುರುವಾದದ್ದು ಪ್ರವೇಶಾತಿಯ ಲೆಕ್ಕ ಏರುಪೇರಾದಾಗ. ಕಂಪ್ಯೂಟರ್ ಸೈನ್ಸ್ ವಿಭಾಗಕ್ಕೆ ಮಕ್ಕಳು ಮುಗಿಬೀಳುತ್ತಿದ್ದಾಗ ಸಿವಿಲ್ ಮತ್ತು ಮೆಕ್ಯಾನಿಕಲ್ ವಿಭಾಗಗಳ ತರಗತಿಗಳು ಖಾಲಿಯಾಗುತ್ತಾ ಬಂದವು. ಆ ವಿಭಾಗಗಳ ಕೆಲವು ಅಧ್ಯಾಪಕರನ್ನು ಕಳುಹಿಸಬೇಕೆಂದು ಮ್ಯಾನೇಜ್‌ಮೆಂಟ್ ತೀರ್ಮಾನಿಸಿತು. ಆದರೆ ಸಂಸ್ಥೆ ತೆಗೆದುಹಾಕಿದಂತೆ ಕಾಣಬಾರದು, ಅವರೇ ರಾಜೀನಾಮೆ ಬರೆದುಕೊಡಬೇಕು ಎಂಬ ಸೂಚನೆಯೂ ಜೊತೆಗೆ ಬಂತು. “ನೀವು ಸಮಾಧಾನವಾಗಿ ಹೇಳಿದರೆ ಯಾರೂ ಬೇಸರ ಮಾಡಿಕೊಳ್ಳೋದಿಲ್ಲಮ್ಮ” ಎಂದು ಅಧ್ಯಕ್ಷರು ಅವರಿಗೆ ಹೇಳಿದ್ದರಂತೆ. ಹೀಗೆ ಒಬ್ಬೊಬ್ಬರನ್ನೇ ಕರೆದು, ಕಾಫಿ ತರಿಸಿಕೊಟ್ಟು, ಮಕ್ಕಳ ಓದಿನ ಬಗ್ಗೆ ವಿಚಾರಿಸಿ, ಕೊನೆಗೆ ರಾಜೀನಾಮೆಯ ಮಾತೆತ್ತುವುದು ಅವರ ಪಾಲಿನ ಕೆಲಸವಾಯಿತು. ಅವರಲ್ಲೊಬ್ಬರು ಒಂದೇ ಸ್ಟಾಫ್ ರೂಮಿನಲ್ಲಿ ಜೊತೆಗೆ ಕೂತು ಊಟ ಮಾಡಿದ್ದ ಹಿರಿಯರು. ಅವರು ಏನನ್ನೂ ವಾದಿಸದೆ ಪೆನ್ನು ಕೇಳಿ ಪಡೆದು, ಬರೆದುಕೊಟ್ಟು, “ಬರ್ತೀನಿ ಮೇಡಂ” ಎಂದು ಹೊರಟುಹೋದರು. ಅಲ್ಲಿಯವರೆಗೆ ಅವರು ಈಕೆಯನ್ನು ಹೆಸರು ಹಿಡಿದೇ ಕರೆಯುತ್ತಿದ್ದರು.

ಅದರ ಬೆನ್ನಿಗೇ ಇನ್ನೆರಡು ವಿಷಯಗಳು ಬಂದವು. ಗುತ್ತಿಗೆಯ ಮೇಲಿದ್ದ ಸಹಾಯಕ ಪ್ರಾಧ್ಯಾಪಕಿಯೊಬ್ಬರು ಗರ್ಭಿಣಿಯಾಗಿದ್ದು, ಹೆರಿಗೆಯ ನಿರೀಕ್ಷೆಯ ತಿಂಗಳಿಗೆ ಸ್ವಲ್ಪ ಮೊದಲು ಅವರ ಗುತ್ತಿಗೆ ಮುಗಿಯುವುದಿತ್ತು. ಅದನ್ನು ಮುಂದುವರಿಸಬೇಡಿ, ರಜೆಯ ಸಂಬಳ ಉಳಿಯುತ್ತದೆ ಎಂದು ಲೆಕ್ಕಪತ್ರ ವಿಭಾಗ ಸೂಚಿಸಿತ್ತು. ಇನ್ನೊಂದು, ಅಧ್ಯಾಪಕರು ಸೇರುವಾಗ ಪಡೆದು ಬೀರುವಿನಲ್ಲಿಟ್ಟಿದ್ದ ಅವರ ಮೂಲ ಅಂಕಪಟ್ಟಿಗಳದ್ದು. ಬೇರೆ ಕಡೆ ಕೆಲಸ ಸಿಕ್ಕವರು ಅವನ್ನು ಕೇಳಲು ಬಂದಾಗ ನಾಳೆ ಬನ್ನಿ, ನಾಡಿದ್ದು ಬನ್ನಿ ಎಂದು ಹೇಳಿ ಕಳುಹಿಸುವುದೂ ಇವರ ವಿಭಾಗದ ಕೆಲಸವೇ ಆಗಿತ್ತು.

ನನ್ನ ಬಳಿ ಬರುವ ಹೊತ್ತಿಗೆ ಅವರು ದಿನವೂ ಬೆಳಗಿನ ಜಾವ ಮೂರಕ್ಕೆ ಎಚ್ಚರಗೊಂಡು ಮತ್ತೆ ಮಲಗಲಾಗದ ಸ್ಥಿತಿಯಲ್ಲಿದ್ದರು. ಬಿಡುಗಡೆ ಪತ್ರಗಳಿಗೆ ಸಹಿ ಹಾಕುವಾಗ ಕೈ ನಡುಗುತ್ತಿತ್ತು. ಕ್ಯಾಂಟೀನಿಗೆ ಹೋದರೆ ಮಾತು ನಿಲ್ಲುತ್ತದೆಂದು ಊಟದ ಡಬ್ಬಿಯನ್ನು ಕೊಠಡಿಯಲ್ಲೇ ತೆರೆಯುತ್ತಿದ್ದರು. ಬ್ಯಾಂಕಿನಲ್ಲಿ ಕೆಲಸ ಮಾಡುವ ಪತಿ “ಇಷ್ಟು ಕಷ್ಟವಿದ್ದರೆ ಬಿಟ್ಟುಬಿಡು” ಎನ್ನುತ್ತಿದ್ದರು. ಮನೆಸಾಲದ ಕಂತು ಇನ್ನೂ ಮುಗಿದಿರದ ಮನೆಯಲ್ಲಿ ಆ ಮಾತು ಸಹಾನುಭೂತಿಯಾಗಿ ಕೇಳಿಸದೆ ಜಗಳವಾಗಿ ಬೆಳೆಯುತ್ತಿತ್ತು. ಮಾತಿನ ನಡುವೆ ಅವರು, ಹೊಸಕೋಟೆ ರಸ್ತೆಯಲ್ಲಿ ಯಾರಾದರೂ ಬಂದು ತಮ್ಮ ಕಾರಿಗೆ ಗುದ್ದಿದರೆ ಮರುದಿನ ಕಚೇರಿಗೆ ಹೋಗಬೇಕಾಗಿಲ್ಲವಲ್ಲ ಎಂದು ಕೆಲವು ಬೆಳಿಗ್ಗೆ ಅನ್ನಿಸುತ್ತದೆ ಎಂದರು.

ಇಂಥ ಮಾತನ್ನು ದಣಿವಿನ ಮಾತೆಂದು ದಾಟಿ ಹೋಗಬಾರದು. ಸಾಯಬೇಕೆಂಬ ಯೋಚನೆ ಬರುತ್ತದೆಯೇ, ಅದಕ್ಕೆ ಏನಾದರೂ ಯೋಜನೆ ಇದೆಯೇ ಎಂದು ನೇರವಾಗಿಯೇ ಕೇಳಿದೆ. ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಇದ್ದ ಯೋಚನೆಯನ್ನು ಹೇಳಿಕೊಳ್ಳಲು ದಾರಿಯಾಗುತ್ತದೆ. ಯೋಜನೆ ಇರಲಿಲ್ಲ. ಆದರೂ ಮನೋವೈದ್ಯರನ್ನು ಒಮ್ಮೆ ಕಾಣಬೇಕೆಂದು, ರಕ್ತದ ಒತ್ತಡ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಬೇಕೆಂದು ಹೇಳಿ, ರಾತ್ರಿ ಹೊತ್ತಿನಲ್ಲಿ ಆ ಯೋಚನೆ ಬಲವಾದರೆ ಕಾಯದೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡುವಂತೆ ತಿಳಿಸಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಉಚಿತ ಸೇವೆ ಹಗಲಿರುಳೂ ಇರುತ್ತದೆ, ಕನ್ನಡದಲ್ಲಿಯೂ ಮಾತನಾಡಬಹುದು. ಮನೋವೈದ್ಯರು ಮಧ್ಯಮ ಪ್ರಮಾಣದ ಖಿನ್ನತೆಯ ಲಕ್ಷಣಗಳನ್ನು ಗುರುತಿಸಿ, ಅಲ್ಪಾವಧಿಯ ಔಷಧಿಯೊಂದಿಗೆ ಆಪ್ತಸಲಹೆಯನ್ನು ಮುಂದುವರಿಸಲು ಸೂಚಿಸಿದರು.

ಅವರು ತಮ್ಮ ಸ್ಥಿತಿಗೆ ಕೊಟ್ಟುಕೊಂಡಿದ್ದ ವಿವರಣೆ “ನನಗೆ ಒತ್ತಡ ತಡೆದುಕೊಳ್ಳುವ ಶಕ್ತಿ ಕಡಿಮೆ” ಎಂಬುದಾಗಿತ್ತು. ನಾನು ಅದನ್ನು ಒಪ್ಪಲಿಲ್ಲ. ಕೆಲಸದ ಹೊರೆಯಿಂದ ಆಗುವ ಬಳಲಿಕೆ ಇವರಲ್ಲಿ ಇತ್ತು ನಿಜ; ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ರೋಗವೆಂದು ಕರೆಯದೆ, ನಿಭಾಯಿಸಲಾಗದೆ ಉಳಿದ ಉದ್ಯೋಗದ ಒತ್ತಡದ ಫಲವೆಂದು ವರ್ಗೀಕರಿಸಿದೆ. ಆದರೆ ನ್ಯಾಕ್ ತಯಾರಿಯ ದಿನಗಳಲ್ಲಿ ಇದಕ್ಕಿಂತ ಹೆಚ್ಚು ಗಂಟೆ ಕೆಲಸ ಮಾಡಿದಾಗ ಇವರು ಚೆನ್ನಾಗಿಯೇ ನಿದ್ದೆ ಮಾಡುತ್ತಿದ್ದರು. ಹಾಗಾದರೆ ಕೈ ನಡುಗುತ್ತಿದ್ದುದು ಎಲ್ಲ ಕಾಗದಗಳ ಮೇಲೂ ಅಲ್ಲ, ಕೆಲವು ಕಾಗದಗಳ ಮೇಲೆ ಮಾತ್ರ. ಸರಿಯಾದದ್ದು ಯಾವುದೆಂದು ಗೊತ್ತಿದ್ದೂ ಸಂಸ್ಥೆಯ ಕಟ್ಟುಪಾಡಿನಿಂದಾಗಿ ಅದನ್ನು ಮಾಡಲಾಗದ ಸ್ಥಿತಿಯನ್ನು ಅಮೆರಿಕದ ತತ್ತ್ವಶಾಸ್ತ್ರಜ್ಞ ಆಂಡ್ರ್ಯೂ ಜೇಮ್‌ಟನ್ 1984ರಲ್ಲಿ ದಾದಿಯರ ಕೆಲಸವನ್ನು ಕುರಿತು ಬರೆಯುತ್ತಾ ನೈತಿಕ ಸಂಕಟವೆಂದು ವಿವರಿಸಿದರು. ಎಚ್.ಆರ್. ವಿಭಾಗದವರಿಗೂ ಅದು ಯಥಾವತ್ತಾಗಿ ಅನ್ವಯಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಪ್ರಾಣಾಯಾಮ, ನಡಿಗೆ, ಸಮಯ ನಿರ್ವಹಣೆ ಇವೆಲ್ಲ ದೇಹಕ್ಕೆ ಒಳ್ಳೆಯವು. ಆದರೆ ಮನಸ್ಸು ಒಪ್ಪದ ಕಾಗದಕ್ಕೆ ಶಾಂತವಾಗಿ ಸಹಿ ಹಾಕುವುದನ್ನು ಕಲಿಸುವುದು ಆಪ್ತಸಲಹೆಯ ಕೆಲಸವಲ್ಲ.

ಆದ್ದರಿಂದ ಮೊದಲು ಕೊಟ್ಟ ಸಲಹೆ ಕಾಗದಗಳಿಗೆ ಸಂಬಂಧಿಸಿದ್ದಾಗಿತ್ತು. ನಿದ್ದೆಗೆಡಿಸುವ ವಿಷಯಗಳನ್ನೆಲ್ಲ ಬರೆದು, ಅವುಗಳಲ್ಲಿ ಕಾನೂನೇ ಒಪ್ಪದವು ಯಾವುವು, ಕಾನೂನು ಒಪ್ಪಿದರೂ ನೋವು ಕೊಡುವವು ಯಾವುವು ಎಂದು ಬೇರ್ಪಡಿಸಲು ಹೇಳಿದೆ. ಎರಡೂ ಕೂಡಿಕೊಂಡಿದ್ದಷ್ಟು ಕಾಲ ಅವರಿಗೆ ಎಲ್ಲವೂ ತಮ್ಮ ಪಾಪವಾಗಿಯೇ ಕಾಣುತ್ತಿದ್ದವು. ನಾನು ವಕೀಲನಲ್ಲದ ಕಾರಣ ಕಾರ್ಮಿಕ ಕಾನೂನು ಬಲ್ಲ ವಕೀಲರನ್ನು ಸಂಸ್ಥೆಯ ಹೊರಗೆ, ಸ್ವಂತ ಖರ್ಚಿನಲ್ಲಿ ಕಾಣುವಂತೆ ತಿಳಿಸಿದೆ. ಅಲ್ಲಿಂದ ಅವರು ತಂದ ಮಾಹಿತಿ ಯಾವ ಔಷಧಿಗೂ ಕಡಿಮೆಯಿಲ್ಲದಷ್ಟು ಉಪಯೋಗಕ್ಕೆ ಬಂತು. ಆಗ ಜಾರಿಯಲ್ಲಿದ್ದ 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಂತೆ ಮೊದಲ ಎರಡು ಹೆರಿಗೆಗಳಿಗೆ ಸಂಬಳ ಸಹಿತ ರಜೆ 12 ವಾರಗಳಿಂದ 26 ವಾರಗಳಿಗೆ ಏರಿತ್ತು. ಗುತ್ತಿಗೆ ಮುಗಿದರೆ ಈ ಹಕ್ಕೂ ಮುಗಿಯಿತೆಂಬ ಲೆಕ್ಕಪತ್ರ ವಿಭಾಗದ ವಾದವನ್ನು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲೇ, ದೆಹಲಿಯ ಗುತ್ತಿಗೆ ವೈದ್ಯೆಯೊಬ್ಬರ ಪ್ರಕರಣದಲ್ಲಿ ತಳ್ಳಿಹಾಕಿ, ಗುತ್ತಿಗೆಯ ಅವಧಿಯ ಆಚೆಗೂ ಸೌಲಭ್ಯ ಮುಂದುವರಿಯುತ್ತದೆಂದು ಹೇಳಿತ್ತು. ಕೆಲಸ ಬಿಡುವಾಗ ಸಂಸ್ಥೆ ಕೊಡಬೇಕಾದ ಇಡಿಗಂಟಾದ ಗ್ರಾಚ್ಯುಟಿಯ ವಿಷಯದಲ್ಲಿಯೂ ಅಷ್ಟೇ: 2009ರ ತಿದ್ದುಪಡಿ ಅಧ್ಯಾಪಕರನ್ನು 1997ರ ಏಪ್ರಿಲ್ 3ರಿಂದ ಪೂರ್ವಾನ್ವಯವಾಗಿ ಆಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಕಾಯ್ದೆಯೊಳಗೆ ತಂದಿತ್ತು, 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿತ್ತು. ರಾಜೀನಾಮೆ ಬರೆದುಕೊಟ್ಟ ಮಾತ್ರಕ್ಕೆ, ಐದು ವರ್ಷ ಸತತ ಸೇವೆ ಪೂರೈಸಿದವರ ಈ ಹಣ ಕೈತಪ್ಪುವುದಿಲ್ಲ. ಹೊರಟುಹೋದ ಹಿರಿಯರಿಗೆ ಅದು ಇನ್ನೂ ಸಂದಾಯವಾಗಿರಲಿಲ್ಲ.

ಬಾಯಿಮಾತಿನಲ್ಲಿ ಬಂದ ಆದೇಶಕ್ಕೆ ಬಾಯಿಮಾತಿನಲ್ಲೇ ಉತ್ತರ ಕೊಡುವುದನ್ನು ನಿಲ್ಲಿಸಿ, ಪ್ರತಿಯೊಂದಕ್ಕೂ ಕಡತದಲ್ಲಿ ಟಿಪ್ಪಣಿ ಬರೆಯಬೇಕೆಂಬುದು ಇದರ ಮುಂದಿನ ಹೆಜ್ಜೆ. ಟಿಪ್ಪಣಿಯ ಧ್ವನಿಯ ಬಗ್ಗೆ ನಾವು ಸಾಕಷ್ಟು ಸಮಯ ಕೊಟ್ಟೆವು, ಏಕೆಂದರೆ ಅವರು ಮೊದಲು ಬರೆದು ತಂದದ್ದು ಮನಸ್ಸಿನ ನೋವನ್ನೆಲ್ಲ ತೋಡಿಕೊಂಡ ಪತ್ರವಾಗಿತ್ತು. ಮಾಲೀಕತ್ವ ಒಂದೇ ಕುಟುಂಬದ ಕೈಯಲ್ಲಿರುವ ಸಂಸ್ಥೆಯಲ್ಲಿ ಅಂಥ ಪತ್ರವನ್ನು ನಿಷ್ಠೆಯ ಕೊರತೆಯೆಂದು ಓದುವವರೇ ಹೆಚ್ಚು. ಪ್ರಸ್ತಾಪ ಏನು, ಕಾನೂನು ಏನು ಹೇಳುತ್ತದೆ, ಮುಂದುವರಿದರೆ ಸಂಸ್ಥೆಗೆ ಆಗಬಹುದಾದ ತೊಂದರೆ ಏನು, ಬದಲಿ ದಾರಿ ಯಾವುದು ಎಂದಷ್ಟೇ ಬರೆದು, ಕುಲಸಚಿವರ ಮೂಲಕ ಆದೇಶಕ್ಕಾಗಿ ಸಲ್ಲಿಸುವುದು ಸರಿಯೆಂದು ತೀರ್ಮಾನಿಸಿದೆವು. ಬರೆದ ಟಿಪ್ಪಣಿಯ ಮೇಲೆ ಬರೆದೇ ಆದೇಶ ಕೊಡಬೇಕಾಗುತ್ತದೆ. ಹಾಗೆ ಬರೆಯಬೇಕಾದಾಗ ಹಲವರು ಇನ್ನೊಮ್ಮೆ ಯೋಚಿಸುತ್ತಾರೆ. ಮಹತ್ವದ ಸಂಗತಿಯೆಂದರೆ, ನಿರ್ಧಾರ ಯಾರದೆಂಬುದು ಅದರಿಂದ ಟಿಪ್ಪಣಿ ಬರೆದವರಿಗೇ ಸ್ಪಷ್ಟವಾಗುತ್ತದೆ.

ಕಾನೂನಿನ ಮಿತಿಯೊಳಗೇ ಇರುವ ನೋವಿನ ಕೆಲಸದ ಬಗ್ಗೆ ಕೊಟ್ಟ ಸಲಹೆ ಬೇರೆ. ವಿದ್ಯಾರ್ಥಿಗಳೇ ಇಲ್ಲದ ವಿಭಾಗದಲ್ಲಿ ಹುದ್ದೆ ಕಡಿತವಾಗುವುದನ್ನು ಎಚ್.ಆರ್. ಮುಖ್ಯಸ್ಥೆ ತಡೆಯಲಾರರು. ಆದರೆ ಅದನ್ನು ತಿಳಿಸುವ ರೀತಿ ಪೂರ್ತಿಯಾಗಿ ಅವರ ಕೈಯಲ್ಲಿದೆ. ಕಾಫಿ ತರಿಸಿ ಕುಶಲ ವಿಚಾರಿಸಿ ಮಾತನ್ನು ಸುತ್ತಿ ಬಳಸಿ ತರುವುದು ಕರುಣೆಯಂತೆ ಕಂಡರೂ, ಎದುರಿಗಿರುವವರಿಗೆ ಅದು ಸ್ನೇಹವನ್ನು ಸಾಧನ ಮಾಡಿಕೊಂಡಂತೆ ಆಗುತ್ತದೆ. ಇದನ್ನು ಕೇಳಿದಾಗ ಅವರು ಬಹಳ ಹೊತ್ತು ಅತ್ತರು. ಮುಂದಿನ ಭೇಟಿಗಳಲ್ಲಿ ನಾವು ಆ ಸಂಭಾಷಣೆಯನ್ನೇ ಅಭ್ಯಾಸ ಮಾಡಿದೆವು. ನಾನು ಅಧ್ಯಾಪಕನಾಗಿ ಎದುರು ಕೂತು ಕೋಪ, ಮೌನ, ಅಳು ಎಲ್ಲವನ್ನೂ ತೋರಿದೆ. “ಸರ್, ಮುಂದಿನ ಶೈಕ್ಷಣಿಕ ವರ್ಷಕ್ಕೆ ನಿಮ್ಮ ವಿಭಾಗದಲ್ಲಿ ಹುದ್ದೆ ಕಡಿತವಾಗುತ್ತಿದೆ, ಅದರಲ್ಲಿ ನಿಮ್ಮದೂ ಇದೆ. ಇದು ಆಡಳಿತ ಮಂಡಳಿಯ ತೀರ್ಮಾನ, ನಿಮ್ಮ ಕೆಲಸದಲ್ಲಿ ಕೊರತೆ ಕಂಡು ತೆಗೆದುಕೊಂಡದ್ದಲ್ಲ” ಎಂದು ಮೊದಲೇ ಹೇಳಿ ಸುಮ್ಮನಾಗುವುದು ಅವರಿಗೆ ಅತ್ಯಂತ ಕಷ್ಟವಾಯಿತು. ಸುಮ್ಮನಿರುವುದು ಬಾರದೆ ಸಮಾಧಾನದ ಮಾತು ಸೇರಿಸುತ್ತಿದ್ದರು. ವಿಭಾಗದ ಮುಖ್ಯಸ್ಥರೂ ಜೊತೆಗಿರಬೇಕು, ರಾಜೀನಾಮೆಯನ್ನು ಅಂದೇ ಕೇಳಬಾರದು, ಸೆಮಿಸ್ಟರ್ ಮುಗಿಯುವವರೆಗೆ ಕಾಲಾವಕಾಶ, ಬರಬೇಕಾದ ಹಣದ ಲೆಕ್ಕ, ಅನುಭವ ಪ್ರಮಾಣಪತ್ರ ಇವೆಲ್ಲ ಬರಹದಲ್ಲಿ ಸಿದ್ಧವಿರಬೇಕು ಎಂದು ಹೇಳಿದೆ. ಮೊದಲ ವರ್ಷದ ಎಂಜಿನಿಯರಿಂಗ್ ಡ್ರಾಯಿಂಗ್‌ನಂಥ ವಿಷಯಗಳಿಗೆ ಎಷ್ಟು ಮಂದಿಯನ್ನು ಉಳಿಸಿಕೊಳ್ಳಬಹುದೆಂಬ ಪಟ್ಟಿಯನ್ನು ಅದಕ್ಕೂ ಮುಂಚೆ ಮಾಡುವ ಆಲೋಚನೆ ಅವರದೇ. ಪಾಠ ಮಾಡಿ ಬಂದವರಿಗೆ ಮಾತ್ರ ಹೊಳೆಯುವ ಆಲೋಚನೆಯದು.

ನಿದ್ದೆಗೆ ಸಂಬಂಧಿಸಿದಂತೆ ರೂಢಿಯ ಸಲಹೆಗಳನ್ನೇ ಕೊಟ್ಟೆ: ರಾತ್ರಿ ಒಂಬತ್ತರ ನಂತರ ಕಚೇರಿಯ ಮೇಲ್ ನೋಡದಿರುವುದು, ಎಚ್ಚರವಾದರೆ ಹಾಸಿಗೆಯಲ್ಲಿ ಹೊರಳಾಡದೆ ಎದ್ದು ಕೂತು ನಿದ್ದೆ ಬಂದಾಗ ಮಲಗುವುದು, ಎಷ್ಟೇ ತಡವಾಗಿ ಮಲಗಿದರೂ ಬೆಳಿಗ್ಗೆ ಒಂದೇ ಹೊತ್ತಿಗೆ ಏಳುವುದು. ಪತಿಯನ್ನು ಒಮ್ಮೆ ಜೊತೆಯಲ್ಲಿ ಕರೆಸಿದೆ. ಕಚೇರಿಯ ಗುಟ್ಟು ಕಾಯುವ ಹೊಣೆಯಿರುವವರು ಕಡತದ ವಿಷಯ ಹೇಳಲಾಗದಿದ್ದರೂ “ಇವತ್ತು ಒಬ್ಬರಿಗೆ ನೋವಾಗುವ ಕೆಲಸ ಮಾಡಬೇಕಾಯಿತು” ಎಂದಷ್ಟು ಹೇಳಬಹುದು, ಕೇಳುವವರು ಅದಕ್ಕೆ ಪರಿಹಾರ ಸೂಚಿಸದೆ ಕೇಳಿಸಿಕೊಂಡರೆ ಸಾಕು ಎಂಬುದು ಇಬ್ಬರಿಗೂ ಒಪ್ಪಿಗೆಯಾಯಿತು.

ಕೆಲಸ ಬಿಡಬೇಕೇ ಎಂಬ ಪ್ರಶ್ನೆಗೆ, ನಿದ್ದೆಗೆಟ್ಟ ಮನಸ್ಸಿನಿಂದ ಆ ತೀರ್ಮಾನ ಬೇಡವೆಂದೆ. ಅದರ ಬದಲು, ಲಿಖಿತ ಎಚ್ಚರಿಕೆ ಕೊಟ್ಟ ನಂತರವೂ ಕಾನೂನಿಗೆ ವಿರುದ್ಧವಾದ ಕಾಗದಕ್ಕೆ ಸಹಿ ಹಾಕಲು ಹೇಳಿದರೆ ಹಾಕುವುದಿಲ್ಲ ಎಂಬ ಗೆರೆಯನ್ನು ಈಗಲೇ ಎಳೆದುಕೊಂಡು, ಆ ದಿನ ಬಂದರೆ ಮನೆ ನಡೆಯುವಷ್ಟು ಹಣವನ್ನು ಕೂಡಿಡಲು ಆರಂಭಿಸಬೇಕೆಂದು ಹೇಳಿದೆ. ಕಂತಿನ ಭಯ ಇರುವವರೆಗೆ ಅಂಥ ಗೆರೆಗೆ ಬಲ ಬರುವುದಿಲ್ಲ.

ಹೆರಿಗೆ ರಜೆಯ ಟಿಪ್ಪಣಿಗೆ ಕೆಲವೇ ದಿನಗಳಲ್ಲಿ ಒಪ್ಪಿಗೆ ಬಂತು, ಆ ಸಹಾಯಕ ಪ್ರಾಧ್ಯಾಪಕಿಯ ಗುತ್ತಿಗೆಯೂ ಮುಂದುವರಿಯಿತು. ಬೀರುವಿನಲ್ಲಿದ್ದ ಮೂಲ ಅಂಕಪಟ್ಟಿಗಳನ್ನು ಪರಿಶೀಲನೆಯ ನಂತರ ಹಿಂದಿರುಗಿಸುವ ಸುತ್ತೋಲೆ ಹೊರಡಲು ಬಹಳ ಕಾಲ ಹಿಡಿಯಿತು. ಕುಲಪತಿಗಳು ಬೆಂಬಲಿಸದಿದ್ದರೆ ಅದು ಆಗುತ್ತಿರಲಿಲ್ಲ. ಹುದ್ದೆ ಕಡಿತ ನಿಲ್ಲಲಿಲ್ಲ. ಪಟ್ಟಿಯಲ್ಲಿದ್ದ ಕೆಲವರು ಮೊದಲ ವರ್ಷದ ತರಗತಿಗಳಿಗೆ ವರ್ಗವಾಗಿ ಉಳಿದರು, ಮಿಕ್ಕವರು ಹೋದರು. ಹಿರಿಯ ಸಹೋದ್ಯೋಗಿಗೆ ಗ್ರಾಚ್ಯುಟಿ ಸಂದಾಯವಾಯಿತು. ಇವರು ಬರೆದ ಪತ್ರಕ್ಕೆ ಅವರಿಂದ ಉತ್ತರ ಬಂದಿಲ್ಲ, ಮತ್ತೆ ಬರೆದು ಒತ್ತಾಯಿಸಬೇಡಿ ಎಂದು ನಾನು ಹೇಳಿದ್ದೇನೆ. ನಿದ್ದೆ ಬಹುಮಟ್ಟಿಗೆ ಸುಧಾರಿಸಿದೆ, ಔಷಧಿಯನ್ನು ಮನೋವೈದ್ಯರು ಕ್ರಮೇಣ ಕಡಿಮೆ ಮಾಡುತ್ತಿದ್ದಾರೆ. ತಿಂಗಳಿಗೊಮ್ಮೆ ಬರುತ್ತಾರೆ. ಬೇರೆ ವಿಶ್ವವಿದ್ಯಾಲಯಗಳಲ್ಲಿ ಇದೇ ಹುದ್ದೆಯಲ್ಲಿರುವ ಇಬ್ಬರು ಮೂವರನ್ನು ಸೇರಿಸಿಕೊಂಡು, ಸಂಸ್ಥೆಗಳ ಹೆಸರೆತ್ತದೆ ತಮ್ಮ ತಮ್ಮ ಇಕ್ಕಟ್ಟುಗಳನ್ನು ಮಾತನಾಡಿಕೊಳ್ಳುವ ಏರ್ಪಾಡು ಮಾಡಬೇಕೆಂಬ ನನ್ನ ಸಲಹೆಯನ್ನು ಅವರು ಇನ್ನೂ ಜಾರಿಗೆ ತಂದಿಲ್ಲ. ಮುಂದಿನ ಭೇಟಿಯಲ್ಲಿ ಅದನ್ನೇ ಕೇಳುವುದಿದೆ.