ಸಸ್ಯಾಹಾರಿಯೊಬ್ಬ ಚೀನಾದ ಸಿಚುವಾನ್ ಪ್ರಾಂತ್ಯದ ಚೆಂಗ್ಡುವಿನ ಹೋಟೆಲುಗಳಲ್ಲಿ ಟೋಫು (ಸೋಯಾ ಹಾಲಿನ ಪನೀರು), ತರಕಾರಿ ನೋಡಿಕೊಂಡು ಊಟ ಮಾಡಬಹುದೇ, ಅಥವಾ ಊರಿನಿಂದಲೇ ತಿಂಡಿ ಒಯ್ಯಬೇಕೇ?

ನಿಮ್ಮ ಪ್ರಶ್ನೆ ಓದಿದಾಗ 2016ರ ನನ್ನನ್ನೇ ಎದುರಿಗೆ ಕಂಡಂತಾಯಿತು. ಕಚೇರಿಯ ಕೆಲಸಕ್ಕೆ ಮೂರು ವಾರ ಚೆಂಗ್ಡುವಿನಲ್ಲಿರಬೇಕಿತ್ತು. ಹುಟ್ಟಿನಿಂದ ಸಸ್ಯಾಹಾರಿಯಾದ ನಾನು ಪೆಟ್ಟಿಗೆಯಲ್ಲಿ ಅವಲಕ್ಕಿ, ಚಟ್ನಿಪುಡಿ ತುಂಬಿಕೊಂಡಿದ್ದೆ. ಉಳಿದ ಹೊತ್ತಿಗೆ ಟೋಫು ಮತ್ತು ತರಕಾರಿಯ ಪದಾರ್ಥಗಳನ್ನು ಆರಿಸಿಕೊಂಡರಾಯಿತು ಎಂದು ನಿಮ್ಮಂತೆಯೇ ಲೆಕ್ಕ ಹಾಕಿದ್ದೆ.

ಮೊದಲ ದಿನವೇ ನನ್ನ ಆತಿಥೇಯರು, ಅರವತ್ತರ ಹತ್ತಿರದ ಹಿರಿಯ ಎಂಜಿನಿಯರ್, ನಾನು ಏನು ತಿನ್ನುವುದಿಲ್ಲ ಎಂದು ಕೇಳಿದರು. ವಿಮಾನದಲ್ಲಿ ಬಾಯಿಪಾಠ ಮಾಡಿಕೊಂಡಿದ್ದ ಒಂದೇ ವಾಕ್ಯವನ್ನು ಹೇಳಿದೆ: ‘ವೊ ಬೂ ಛರ್ ರೌ’, ನಾನು ಮಾಂಸ ತಿನ್ನುವುದಿಲ್ಲ. ಅವರು ತಲೆಯಾಡಿಸಿ ಪುಸ್ತಕದಲ್ಲಿ ಬರೆದುಕೊಂಡರು. ಆ ವಾರದ ಶನಿವಾರ ಸಂಜೆ ಹಳೆಯ ಸಿಚುವಾನ್ ಅಡುಗೆಯ ಹೋಟೆಲೊಂದಕ್ಕೆ ಎಂಟು ಜನರನ್ನು ಕರೆದೊಯ್ದರು. ದುಂಡು ಮೇಜಿನ ನಡುವೆ ತಿರುಗುವ ಗಾಜಿನ ಹಲಗೆಯಿತ್ತು. ಮೊದಲು ಜಜ್ಜಿದ ಸೌತೆಕಾಯಿ, ವಿನೆಗರಿನಲ್ಲಿ ನೆನೆಸಿದ ಕಡಲೆಬೀಜ ಮುಂತಾದ ತಣ್ಣನೆಯ ಪದಾರ್ಥಗಳು ಬಂದವು, ಅನಂತರ ಬಿಸಿಯವು. ಬದನೆಕಾಯಿಯದೊಂದು ಪದಾರ್ಥ ನನ್ನ ಮುಂದೆ ಬಂದು ನಿಂತಾಗ, ಅದರ ಹೆಸರಿನ ಅರ್ಥ ‘ಮೀನಿನ ಪರಿಮಳದ ಬದನೆ’ ಎಂದು ಪಕ್ಕದವರು ಹೇಳಿದ್ದರಿಂದ ಹಲಗೆಯನ್ನು ಮುಂದಕ್ಕೆ ತಿರುಗಿಸಿಬಿಟ್ಟೆ.

ಆಗ ಪರಿಚಾರಿಕೆ ನನಗೊಬ್ಬನಿಗೇ ಒಂದು ಬಿಳಿ ಬಟ್ಟಲನ್ನು ತಂದಿಟ್ಟಳು. ಬಟ್ಟಲಿನ ತಳ ಕಾಣುವಷ್ಟು ತಿಳಿಯಾದ ನೀರಿನಲ್ಲಿ ಚೀನೀ ಎಲೆಕೋಸಿನ ಎಳೆಯ ತಿರುಳು ಮೊಗ್ಗಿನಂತೆ ಅರಳಿ ಕುಳಿತಿತ್ತು. ಎಣ್ಣೆಯ ಒಂದು ಹನಿಯೂ ಕಾಣಲಿಲ್ಲ. ಇದರ ಹೆಸರು ‘ಕೈಶ್ವೇ ಬೈತ್ಸೈ’, ಎಂದರೆ ಕುದಿನೀರಿನ ಎಲೆಕೋಸು, ನಿಮಗಾಗಿಯೇ ಹೇಳಿ ಮಾಡಿಸಿದ್ದು ಎಂದು ಆತಿಥೇಯರು ಹೇಳಿದರು. ಐದು ದಿನಗಳಿಂದ ಅವಲಕ್ಕಿ ತಿಂದಿದ್ದ ನನಗೆ ಅಷ್ಟು ಸೌಮ್ಯವಾದ, ಅಷ್ಟು ತುಂಬಿದ ರುಚಿ ನೀರಿಗೆ ಹೇಗೆ ಬಂತು ಎಂಬ ಪ್ರಶ್ನೆ ಏಳಬೇಕಿತ್ತು. ಅದು ಏಳಲಿಲ್ಲ. ಕೊನೆಯ ಹನಿಯವರೆಗೂ ಕುಡಿದೆ.

ಸೋಮವಾರ ಅದನ್ನು ಮಾಡುವ ಬಗೆಯನ್ನು ಕೇಳಿದಾಗ ಅವರು ಅಭಿಮಾನದಿಂದ ವಿವರಿಸಿದರು. ಬಲಿತ ಕೋಳಿ, ಬಾತುಕೋಳಿ, ಉಪ್ಪು ಹಾಕಿ ಒಣಗಿಸಿದ ಹಂದಿಯ ತೊಡೆ, ಇವನ್ನು ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸಿ ಸಾರು ತೆಗೆಯುತ್ತಾರೆ. ನುಣ್ಣಗೆ ಕೊಚ್ಚಿದ ಕೋಳಿಯ ಎದೆಮಾಂಸವನ್ನು ಅದರೊಳಗೆ ಬಿಟ್ಟರೆ ಕದಡಿದ ಅಂಶವೆಲ್ಲ ಅದಕ್ಕೆ ಅಂಟಿಕೊಂಡು ಮೇಲೆ ಬರುತ್ತದೆ. ಅದನ್ನು ತೆಗೆದು, ಸಾರು ನೀರಿನಷ್ಟು ತಿಳಿಯಾಗುವವರೆಗೆ ಮತ್ತೆ ಮತ್ತೆ ಶೋಧಿಸುತ್ತಾರೆ. ಚೀನಾದ ಸರಕಾರಿ ಔತಣಗಳಲ್ಲಿ ಬಡಿಸುವ ಪದಾರ್ಥವದು. ನನ್ನ ಮೇಲಿನ ಗೌರವದಿಂದ ಅವರು ಆ ಹೋಟೆಲಿನ ಅತ್ಯಂತ ಶ್ರಮದ ಅಡುಗೆಯನ್ನೇ ಆರಿಸಿದ್ದರು.

ನನ್ನ ತಪ್ಪನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ನೀವೂ ಅದನ್ನೇ ಮಾಡಲು ಹೊರಟಿದ್ದೀರಿ. ಅವರು ನನ್ನ ಮಾತನ್ನು ಅಕ್ಷರಶಃ ಪಾಲಿಸಿದ್ದರು. ‘ರೌ’ ಎಂದರೆ ಅಲ್ಲಿಯ ಊಟದ ಮಾತಿನಲ್ಲಿ ಕಣ್ಣಿಗೆ ಕಾಣುವ, ಹಲ್ಲಿಗೆ ಸಿಗುವ ಮಾಂಸದ ತುಂಡು. ಪ್ರಾಣಿಯ ಹೆಸರು ಸೇರಿಸದಿದ್ದರೆ ಹಂದಿಯದೆಂದೇ ಅರ್ಥ. ಸಾರು ‘ತಾಂಗ್’, ಕರಗಿದ ಕೊಬ್ಬು ‘ಯೌ’. ಇವೆರಡೂ ‘ರೌ’ ಎಂಬ ಮಾತಿನೊಳಗೆ ಬರುವುದಿಲ್ಲ. ರುಚಿಗೆಂದು ಉದುರಿಸುವ ಎರಡು ಚಮಚ ಕೊಚ್ಚಿದ ಮಾಂಸವನ್ನು ಸಹ ಬಹಳ ಮಂದಿ ಮಾಂಸದ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮ ಕಡೆ ‘ನಾವು ತಿನ್ನುವುದಿಲ್ಲ’ ಎಂದಷ್ಟೇ ಹೇಳಿದರೆ ಸಾರು, ಸೌಟು, ಪಾತ್ರೆಯವರೆಗೆ ಎಲ್ಲವೂ ಎದುರಿನವರಿಗೆ ತಿಳಿದುಹೋಗುತ್ತದೆ. ನಾನು ಆ ಮಾತನ್ನು ಮಾತ್ರ ಒಯ್ದು, ಅದರ ಹಿಂದಿರುವ ಆಚಾರವೂ ಜೊತೆಗೆ ಬರುತ್ತದೆಂದು ನಂಬಿದ್ದೆ. ಆದರೆ ಆ ಆಚಾರಕ್ಕೆ ಅವರ ಭಾಷೆಯಲ್ಲಿ ಶತಮಾನಗಳ ಹಿಂದಿನಿಂದಲೂ ಬೇರೆಯೇ ಮಾತಿದೆ. ‘ಛರ್ ಸೂ’ ಎಂಬ ಆ ಮಾತು ಬೌದ್ಧ ಸನ್ಯಾಸಿಗಳ ಮತ್ತು ವ್ರತ ಹಿಡಿದ ಗೃಹಸ್ಥರ ಊಟವನ್ನು ಹೇಳುತ್ತದೆ. ನಾನು ‘ವೊ ಛರ್ ಸೂ’ ಎಂದಿದ್ದರೆ ಆ ಹಿರಿಯರು ಸಾರಿನ ವಿಷಯವನ್ನು ತಾವಾಗಿಯೇ ಯೋಚಿಸುತ್ತಿದ್ದರು. ಅವರ ತಾಯಿ ಚಾಂದ್ರಮಾನ ತಿಂಗಳಿನ ಮೊದಲ ಮತ್ತು ಹದಿನೈದನೆಯ ದಿನ ಅದೇ ವ್ರತವನ್ನು ಪಾಲಿಸುತ್ತಿದ್ದರಂತೆ! ಇದನ್ನು ಅವರು ಹೇಳಿದ್ದು ಎಲ್ಲ ಮುಗಿದ ಮೇಲೆ.

ನನಗಾದ ಸಂಕಟ ದೊಡ್ಡದೇ. ಎರಡು ದಿನ ಏನೂ ಸೇರಲಿಲ್ಲ, ಮನೆಯಲ್ಲಿ ಹೇಳಲು ತಿಂಗಳುಗಳು ಹಿಡಿದವು. ಆದರೆ ನನ್ನ ಮುಖ ನೋಡಿ ವಿಷಯ ಅರ್ಥವಾದಾಗ ಆ ಹಿರಿಯರು ಎದ್ದು ನಿಂತು ಕ್ಷಮೆ ಕೇಳಿದ್ದು ಇಂದಿಗೂ ನನ್ನನ್ನು ಹೆಚ್ಚು ನೋಯಿಸುತ್ತದೆ. ತಪ್ಪು ನನ್ನದಾಗಿತ್ತು.

ಆದ್ದರಿಂದ, ಟೋಫುವೋ ಪೊಟ್ಟಣವೋ ಎಂಬ ನಿಮ್ಮ ಆಯ್ಕೆಯನ್ನೇ ನಾನು ಒಪ್ಪುವುದಿಲ್ಲ. ಟೋಫುವನ್ನು ನಂಬಬೇಡಿ. ಚೀನಾದಲ್ಲಿ ಅದು ಮಾಂಸಕ್ಕೆ ಬದಲಿಯಷ್ಟೇ ಅಲ್ಲ, ಮಾಂಸದ ಜೊತೆಗೂ ಬೇಯುವ ಪದಾರ್ಥ. ಚೆಂಗ್ಡುವಿನ ಅತಿ ಪ್ರಸಿದ್ಧ ಮಾಪೊ ಟೋಫುವಿಗೆ ಕೊಚ್ಚಿದ ದನದ ಮಾಂಸ ಸಾಂಪ್ರದಾಯಿಕವಾಗಿಯೇ ಬೀಳುತ್ತದೆ. ಒಣಗಿದಂತೆ ಹುರಿದ ಹುರುಳಿಕಾಯಿಯಲ್ಲಿ ಹಂದಿಯ ಚೂರುಗಳಿರುತ್ತವೆ. ಮೆನುವಿನಲ್ಲಿ ‘ಸೂತ್ಸೈ’ ಎಂಬ ತಲೆಬರಹದ ಕೆಳಗಿರುವುದು ತರಕಾರಿಯ ಪದಾರ್ಥಗಳು ಎಂದಷ್ಟೇ. ಅವು ಹಂದಿಯ ಕೊಬ್ಬಿನಲ್ಲಿ ಹುರಿದವಾಗಿರಬಹುದು, ಕೋಳಿಯ ಸಾರದ ಪುಡಿ ಸೇರಿದವಾಗಿರಬಹುದು. ಮೇಜಿನ ಮೇಲೆ ಕುದಿಯುವ ಸಾರಿನಲ್ಲಿ ಎಲ್ಲರೂ ಪದಾರ್ಥಗಳನ್ನು ಬೇಯಿಸಿಕೊಂಡು ತಿನ್ನುವ ಹಾಟ್‌ಪಾಟ್‌ಗೆ ಕರೆದರೆ, ಅದರ ಕೆಂಪು ಸಾರಿಗೆ ಮೂಲವಾಗಿರುವುದು ಸಾಮಾನ್ಯವಾಗಿ ದನದ ಕೊಬ್ಬು ಎಂಬುದು ನೆನಪಿರಲಿ. ಇನ್ನು ಪೊಟ್ಟಣಗಳನ್ನು ಹೊತ್ತೊಯ್ದು ಕೋಣೆಯಲ್ಲಿ ಒಬ್ಬರೇ ತಿನ್ನುವುದು ಹೊಟ್ಟೆಗೆ ಸಾಕಾಗಬಹುದು, ಕೆಲಸಕ್ಕೆ ಸಾಕಾಗದು. ಅಲ್ಲಿ ಪರಿಚಯ ಬೆಳೆಯುವುದೇ ಆ ದುಂಡು ಮೇಜಿನ ಸುತ್ತ.

ಹೋಗುವ ಮೊದಲೇ ಚೀನೀ ಬಲ್ಲ ಯಾರಿಂದಲಾದರೂ ಒಂದು ಚೀಟಿ ಬರೆಸಿಕೊಳ್ಳಿ. ‘ವೊ ಛರ್ ಸೂ’ ಎಂಬ ಮಾತು ಮೊದಲ ಸಾಲಿನಲ್ಲಿರಲಿ. ಕೊಚ್ಚಿದ ಮಾಂಸ, ಮಾಂಸದ ಅಥವಾ ಮೂಳೆಯ ಸಾರು, ಹಂದಿಯ ಕೊಬ್ಬು, ಕೋಳಿಯ ಪುಡಿ, ಸಮುದ್ರದ ಚಿಪ್ಪುಜೀವಿಯಿಂದ ಮಾಡುವ ಆಯ್‌ಸ್ಟರ್ ಸಾಸ್ ಬೇಡ ಎಂಬುದು ಅದರ ಕೆಳಗಿರಲಿ. ಅದನ್ನು ಮೊದಲು ಆತಿಥೇಯರಿಗೆ, ಆಮೇಲೆ ಪ್ರತಿ ಹೋಟೆಲಿನಲ್ಲಿಯೂ ತೋರಿಸಿ. ಸಂಕೋಚಪಟ್ಟು ಸುಮ್ಮನಿರುವುದನ್ನು ಸೌಜನ್ಯವೆಂದು ಭಾವಿಸಬೇಡಿ. ಒಂದು ಸಂಜೆಯಾದರೂ ನಗರದೊಳಗಿನ ವೆನ್‌ಶು ಬೌದ್ಧ ವಿಹಾರದ ಊಟದ ಮನೆಗೆ ಹೋಗಿ. ಮಾಂಸದ ತುಂಡುಗಳಂತೆಯೇ ಕಾಣುವ ಪದಾರ್ಥಗಳನ್ನು ನೋಡಿ ಮೊದಲು ಬೆಚ್ಚುತ್ತೀರಿ, ಆದರೆ ಅವೆಲ್ಲ ಸೋಯಾ, ಗೋಧಿಯ ಅಂಟು ಮತ್ತು ಅಣಬೆ.

ಅಲ್ಲಿಗೇ ನಿಲ್ಲಬೇಡಿ. ‘ನೊಣದ ಹೋಟೆಲು’ ಎಂದು ಊರಿನವರೇ ಪ್ರೀತಿಯಿಂದ ಕರೆಯುವ ಸಣ್ಣ ಅಂಗಡಿಗಳಲ್ಲಿ ಒಲೆ ಕಣ್ಣೆದುರಿಗೇ ಇರುತ್ತದೆ. ನನ್ನ ಕೊನೆಯ ವಾರದಲ್ಲಿ ಆ ಹಿರಿಯರೇ ಅಂಥದೊಂದು ಅಂಗಡಿಗೆ ಕರೆದೊಯ್ದು, ಬಾಣಲೆ ತೊಳೆಯಿಸಿ, ರೇಪ್‌ಸೀಡ್ ಎಣ್ಣೆಯಲ್ಲಿ ಮಾಂಸದ ಚೂರಿಲ್ಲದೆ ಅದೇ ‘ಮೀನಿನ ಪರಿಮಳದ ಬದನೆ’ಯನ್ನು ಮಾಡಿಸಿದರು. ಅದರಲ್ಲಿ ಮೀನು ಬೀಳುವುದೇ ಇಲ್ಲ. ಉಪ್ಪಿನಲ್ಲಿ ಹುದುಗಿಸಿದ ಕೆಂಪು ಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ, ಸಕ್ಕರೆ, ವಿನೆಗರ್ ಸೇರಿದ ಆ ರುಚಿಗೆ ಮೀನಿನ ಅಡುಗೆಯಿಂದ ಬಂದ ಹೆಸರು ಉಳಿದುಕೊಂಡಿದೆ ಅಷ್ಟೇ. ಹೆಸರು ನೋಡಿ ಬದನೆಯನ್ನು ಬಿಟ್ಟು, ಹೆಸರು ನೋಡಿಯೇ ಎಲೆಕೋಸನ್ನು ಕುಡಿದಿದ್ದೆ! ಜೊತೆಗೆ ಬಂದ ಬಟಾಣಿ ಚಿಗುರಿನ ಪಲ್ಯದ ಮೇಲೆ ಅವರು ಸಿಚುವಾನಿನ ಹ್ವಾಜ್ಯಾವ್ ಕಾಳನ್ನು ಪುಡಿ ಮಾಡಿ ಉದುರಿಸಿದಾಗ ನಾಲಿಗೆ ಜುಮ್ಮೆಂದಿತು, ಉತ್ತರ ಕನ್ನಡದ ನಮ್ಮ ಮನೆಯ ಜುಮ್ಮನಕಾಯಿ ನೆನಪಾಯಿತು. ಕೊಂಕಣಿಗರು ತೆಪ್ಪಳ ಎನ್ನುವ ಆ ಕಾಯಿಯೂ ಹ್ವಾಜ್ಯಾವ್ ಕೂಡ ಒಂದೇ ಸಸ್ಯಕುಲಕ್ಕೆ ಸೇರಿದವು.

2019ರಲ್ಲಿ ಮತ್ತೆ ಹೋದಾಗ ಚೀಟಿಯನ್ನು ಓದಿದ ಅಡುಗೆಯವರೊಬ್ಬರು ಒಳಗಿನಿಂದ ಎದ್ದು ಬಂದು, ಮೊಟ್ಟೆ ಆಗುತ್ತದೆಯೇ ಎಂದು ಕೇಳಿದರು. ಚೀಟಿಯಲ್ಲಿ ಅದು ಇರಲಿಲ್ಲ. ನಿಮ್ಮದರಲ್ಲಿ ಮರೆಯದೆ ಬರೆಸಿ.